ಎಷ್ಟು ಬ್ಲಾಕ್ ಮಾಡಿದರೂ ಸ್ಪ್ಯಾಮ್ ಬರುತ್ತಲೇ ಇರುತ್ತದೆ, ಯಾಕೆ?

ಪ್ರಶ್ನೆ: ಬೇಡದ ಮೇಲ್ ಕಳಿಸುವವರನ್ನು ದಿನಾ ಬ್ಲಾಕ್ ಮಾಡುತ್ತೇನೆ. ಆದರೂ ಇನ್‌ಬಾಕ್ಸ್ ತುಂಬುತ್ತಲೇ ಇದೆ. ಇದನ್ನು ನಿಲ್ಲಿಸುವುದು ಹೇಗೆ?

ಉತ್ತರ: ಮೊದಲು ಆ ಬ್ಲಾಕ್ ಮಾಡುವ ಕೆಲಸ ಬಿಡಿ, ಸುಮ್ನೆ ದಂಡ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ಪದ್ಧತಿ 1982ರದ್ದು. ಕಳಿಸಿದವರು ನಿಜಕ್ಕೂ ಅವರೇನಾ ಎಂದು ನೋಡುವ ಏರ್ಪಾಡು ಅದರಲ್ಲಿ ಇರಲಿಲ್ಲ. ತಪಾಸಣೆಗಳೆಲ್ಲ ಆಮೇಲೆ ಸೇರಿಕೊಂಡವು. ಹಾಗಾಗಿ ಸ್ಪ್ಯಾಮ್ ಕಳಿಸುವವರು ಇವತ್ತು ಒಂದು ವಿಳಾಸ ಹಾಕುತ್ತಾರೆ, ನಾಳೆ ಇನ್ನೊಂದು. ನೀವು ಬ್ಲಾಕ್ ಮಾಡಿದ್ದನ್ನು ಅವರು ಮತ್ತೆ ಮುಟ್ಟುವುದೇ ಅನುಮಾನ. ಗುರುತಿನವರೇ ಯಾರೋ ಕಾಟ ಕೊಡುತ್ತಿದ್ದರೆ ಬ್ಲಾಕ್ ಸರಿ.

ಅದರ ಬದಲು ‘ರಿಪೋರ್ಟ್ ಸ್ಪ್ಯಾಮ್’ ಒತ್ತಿ. ಬರೀ ಡಿಲೀಟ್ ಮಾಡಿದರೆ ಸ್ಪ್ಯಾಮ್ ಸೋಸುವ ಫಿಲ್ಟರ್‌ಗೆ ಏನೂ ತಿಳಿಯುವುದಿಲ್ಲ. ರಿಪೋರ್ಟ್ ಮಾಡಿದರೆ ಅದು ಮೇಲ್ ಯಾವ ಸರ್ವರ್‌ನಿಂದ ಬಂತು, ಒಳಗೆ ಎಂಥ ಲಿಂಕ್ ಇದೆ, ಬೇರೆಯವರೂ ದೂರಿದ್ದಾರಾ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆಗಾಗ ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ. ಬೇಕಾದ ಮೇಲ್ ಅಲ್ಲಿ ಸಿಕ್ಕಿಕೊಂಡಿದ್ದರೆ ‘ಸ್ಪ್ಯಾಮ್ ಅಲ್ಲ’ ಎಂದು ಗುರುತು ಮಾಡಿ. ಜಿಮೇಲ್‌ನಲ್ಲಿ 30 ದಿನವಾದರೆ ಅಲ್ಲಿದ್ದದ್ದು ತಾನಾಗಿ ಅಳಿಸಿಹೋಗುತ್ತದೆ.

ಇನ್ನು ನಾವೇ ಯಾವಾಗಲೋ ವಿಳಾಸ ಕೊಟ್ಟ ಕಂಪನಿಗಳ ಜಾಹೀರಾತು. ನಿಜ ಹೇಳಬೇಕೆಂದರೆ ಎಷ್ಟೋ ಜನರ ಇನ್‌ಬಾಕ್ಸ್‌ನಲ್ಲಿ ಇವೇ ಜಾಸ್ತಿ. ಇವಕ್ಕೆ ‘ಇನ್ನು ಕಳಿಸಬೇಡಿ’ ಎನ್ನುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಕೆಲಸ ಮಾಡುತ್ತದೆ. 2024ರಲ್ಲಿ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ರಾಶಿ ರಾಶಿ ಜಾಹೀರಾತು ಕಳಿಸುವವರು ಒಂದೇ ಕ್ಲಿಕ್ಕಿಗೆ ಬಿಡಿಸಿಕೊಳ್ಳುವ ದಾರಿ ಕೊಡಬೇಕು, ಎರಡು ದಿನದೊಳಗೆ ಮೇಲ್ ನಿಲ್ಲಿಸಬೇಕು. ಆದರೆ ಹೆಸರೇ ಕೇಳಿರದವರ ಮೇಲ್‌ನಲ್ಲಿ ಆ ಲಿಂಕ್ ಒತ್ತಬೇಡಿ. ಈ ವಿಳಾಸ ಬಳಕೆಯಲ್ಲಿದೆ ಎಂದು ನೀವೇ ಹೇಳಿಕೊಟ್ಟಂತಾಗುತ್ತದೆ.

ಮೇಲ್ ತೆರೆದರೂ ಅವರಿಗೆ ಸುಳಿವು ಸಿಗಬಹುದು, ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದನ್ನು ಒಳಗೆ ಇಟ್ಟಿರುತ್ತಾರೆ, ಅದು ತೆರೆದುಕೊಂಡರೆ ನೀವು ಮೇಲ್ ನೋಡಿದ್ದು ಗೊತ್ತಾಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ, ಕೇಳದೆ ಚಿತ್ರ ತೋರಿಸಬಾರದು ಎಂದು ಬದಲಿಸಿ.

ಒಮ್ಮೆ ಸ್ಪ್ಯಾಮ್ ಪಟ್ಟಿಗೆ ಸೇರಿದ ವಿಳಾಸವನ್ನು ವಾಪಸ್ ಪಡೆಯಲು ಆಗುವುದಿಲ್ಲ. ಮುಂದಿನದ್ದಕ್ಕೆ ಒಂದು ಉಪಾಯ ಇದೆ. ಜಿಮೇಲ್‌ನಲ್ಲಿ ನಿಮ್ಮ ಹೆಸರಾದ ಮೇಲೆ, @ ಬರುವ ಮೊದಲು, + ಹಾಕಿ ಯಾವುದಾದರೂ ಪದ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ಒಂದೊಂದು ಸೈಟಿಗೆ ಒಂದೊಂದು ಪದ ಕೊಟ್ಟರೆ ವಿಳಾಸ ಸೋರಿದ್ದು ಎಲ್ಲಿಂದ ಎಂದು ಗೊತ್ತಾಗುತ್ತದೆ. ಕೆಲವು ಫಾರ್ಮ್‌ಗಳು + ಒಪ್ಪುವುದಿಲ್ಲ, ಚಾಲಾಕಿಗಳು ಅದನ್ನು ಕಿತ್ತುಹಾಕಿ ಕಳಿಸುವುದೂ ಉಂಟು. ನನ್ನನ್ನು ಕೇಳಿದರೆ ಶಾಪಿಂಗ್, ಕೂಪನ್, ಉಚಿತ ಡೌನ್‌ಲೋಡ್‌ಗೆಲ್ಲ ಬೇರೆಯದೇ ಒಂದು ಇಮೇಲ್ ತೆರೆದುಬಿಡಿ. ಬ್ಯಾಂಕಿಗೆ ಕೊಟ್ಟ ವಿಳಾಸ ಅಲ್ಲೆಲ್ಲ ಕೊಡಬೇಡಿ.