ಪದ ಪರಿಚಯ: ಪಾಡರ್‌ಬೊರ್ನ್

ಜರ್ಮನಿಯ ಈ ಊರಿನ ಹೆಸರು ಕಂಡ ಕೂಡಲೇ ಇಂಗ್ಲಿಷ್ ಬಲ್ಲವರಿಗೆ 'ಹುಟ್ಟು' ನೆನಪಾಗುತ್ತದೆ. ಆದರೆ ಈ 'ಬೊರ್ನ್'ಗೂ ಆ ಹುಟ್ಟಿಗೂ ಸಂಬಂಧವಿಲ್ಲ. ಇದು ಹಳೆಯ ಜರ್ಮನ್ ಪದ. ಅರ್ಥ ಒರತೆ, ನೀರು ಉಕ್ಕುವ ಜಾಗ. ಬಾವಿಗೂ ಕಾರಂಜಿಗೂ ಇವತ್ತು ಅವರು ಹೇಳುವ 'ಬ್ರುನ್ನೆನ್' ಇದರದ್ದೇ ನೆಂಟ. ಪಾಡರ್ ಅಂದರೆ ಹೊಳೆಯ ಹೆಸರು. ಎರಡೂ ಸೇರಿದರೆ 'ಪಾಡರ್ ಹೊಳೆಯ ಒರತೆ'. ಊರಿನ ಹೆಸರಲ್ಲೇ ವಿಳಾಸ ಇದೆ!

ಹೊಳೆ ಅಂದರೆ ಎಲ್ಲೋ ಬೆಟ್ಟದಲ್ಲಿ ಹುಟ್ಟಿ ಊರಿಗೆ ಇಳಿದು ಬರಬೇಕು, ಅಲ್ವಾ? ಪಾಡರ್ ಹಾಗಲ್ಲ. ಅದು ಹುಟ್ಟುವುದೇ ಊರಿನ ನಟ್ಟನಡುವೆ. ದೊಡ್ಡ ಚರ್ಚಿನ ಬುಡದಲ್ಲಿ, ಮನೆಗಳ ಗೋಡೆಯ ಪಕ್ಕದಲ್ಲಿ, 200ಕ್ಕೂ ಹೆಚ್ಚು ಒರತೆಗಳು. ಸೆಕೆಂಡಿಗೆ 3,000ದಿಂದ 9,000 ಲೀಟರ್ ನೀರು. ಈ ನೀರು ಹಲವು ಕವಲುಗಳಾಗಿ ಹರಿದು ಊರೊಳಗೇ ಒಂದಾಗುತ್ತದೆ. ಕವಲುಗಳಿಗೂ ಬೇರೆ ಬೇರೆ ಹೆಸರು. ಒಂದರ ಹೆಸರು 'ಬೆಚ್ಚನೆ ಪಾಡರ್'. ಉಳಿದವುಗಳಿಗಿಂತ ಅದರ ನೀರು ಸ್ವಲ್ಪ ಬೆಚ್ಚಗೆ. ಹಿಂದೆ ಹೆಂಗಸರು ಬಟ್ಟೆ ಒಗೆಯಲು ಹೋಗುತ್ತಿದ್ದದ್ದು ಅಲ್ಲಿಗೇ. ಜರ್ಮನಿಯ ಚಳಿಯಲ್ಲಿ ಕೈ ಮರಗಟ್ಟದೆ ಬಟ್ಟೆ ಹಿಂಡುವುದು ಸಣ್ಣ ಸುಖವೇನಲ್ಲ.

ಇಷ್ಟು ನೀರು ಬರುವುದೆಲ್ಲಿಂದ? ಊರಿನ ತೆಂಕಣಕ್ಕೂ ಮೂಡಣಕ್ಕೂ ಸುಣ್ಣಕಲ್ಲಿನ ದಿಬ್ಬದ ನಾಡಿದೆ. ಸುಣ್ಣಕಲ್ಲು ಮಳೆನೀರಿಗೆ ಕರಗುವ ಕಲ್ಲು. ಸಾವಿರಾರು ವರ್ಷಗಳಲ್ಲಿ ಅದರೊಳಗೆ ಬಿರುಕು, ಗುಳಿ, ಸುರಂಗ ಎಲ್ಲ ಆಗಿವೆ. ಅಲ್ಲಿ ಬಿದ್ದ ಮಳೆ ಮೇಲೆ ಹರಿಯದೆ ಒಳಗಿಳಿದುಬಿಡುತ್ತದೆ. ಬೇಸಿಗೆಯಲ್ಲಿ ಅಲ್ಲಿನ ತೊರೆಗಳೂ ನಡುದಾರಿಯಲ್ಲೇ ನೆಲದೊಳಗೆ ಮಾಯ. ಈ ನೀರು ಇಳಿಜಾರಿನಲ್ಲಿ ಪಾಡರ್‌ಬೊರ್ನ್ ತನಕ ಬರುತ್ತದೆ. ಅಲ್ಲಿ ಸುಣ್ಣಕಲ್ಲಿನ ಮೇಲೆ ನೀರು ಬಿಡದ ಜೇಡಿಯಂಥ ಪದರ ಹಾಸಿದೆ. ಮುಂದೆ ದಾರಿ ಇಲ್ಲ. ಹಿಂದಿನಿಂದ ಒತ್ತಡ ಜಾಸ್ತಿ. ಹಾಗಾಗಿ ಸಿಕ್ಕ ಸಂದಿಯಲ್ಲೆಲ್ಲ ಮೇಲಕ್ಕೆ ಉಕ್ಕುತ್ತದೆ. ಇದರಲ್ಲಿ ಒಂದು ತೊಂದರೆಯೂ ಇದೆ. ಮಣ್ಣು, ಮರಳಿನ ಹಾಗೆ ಬಿರುಕು ನೀರನ್ನು ಸೋಸುವುದಿಲ್ಲ. ದಿಬ್ಬದ ಮೇಲೆ ಸುರಿದ ಕೊಳೆ ಕೆಲವೇ ದಿನಗಳಲ್ಲಿ ಊರಿನ ಒರತೆಯಲ್ಲಿ ಕಾಣಿಸಬಹುದು.

ಸದಾ ನೀರಿರುವ ಜಾಗವನ್ನು ರಾಜರು ಬಿಡುತ್ತಾರೆಯೇ? ಫ್ರಾಂಕ್ ಜನರ ದೊರೆ ಷಾರ್ಲ್‌ಮೇನ್ ಕ್ರಿ.ಶ. 777ರಲ್ಲಿ ಇಲ್ಲಿ ತನ್ನ ಸಭೆ ಸೇರಿಸಿದ. 799ರಲ್ಲಿ ಪೋಪ್ ಮೂರನೇ ಲಿಯೋ ಅವನನ್ನು ಕಾಣಲು ಇಲ್ಲಿಗೇ ಬಂದರು. ಇಲ್ಲಿದ್ದ ಅವನ ಅರಮನೆಯ ಪಾಯ 1960ರ ದಶಕದ ಅಗೆತದಲ್ಲಿ ಚರ್ಚಿನ ಪಕ್ಕದಲ್ಲೇ ಸಿಕ್ಕಿತು.

ಇನ್ನು ಪಾಡರ್ ಹೊಳೆಯ ಉದ್ದ. ಬರೀ 4 ಕಿಲೋಮೀಟರ್! ಜರ್ಮನಿಯಲ್ಲೇ ಅತಿ ಗಿಡ್ಡ ನದಿ ತಮ್ಮದು ಎಂದು ಊರವರು ಹೇಳಿಕೊಳ್ಳುತ್ತಾರೆ. ನಮ್ಮ ಕಡೆಯಾದರೆ ಇಷ್ಟುದ್ದಕ್ಕೆ ಹಳ್ಳ ಅಂದುಬಿಡುತ್ತಿದ್ದೆವು. ಆದರೆ ಷ್ಲಾಸ್ ನಾಯ್‌ಹೌಸ್ ಎಂಬಲ್ಲಿ ಇದು ಲಿಪ್ಪೆ ನದಿಗೆ ಸೇರುವಾಗ, ಲಿಪ್ಪೆಗಿಂತ ಹೆಚ್ಚು ನೀರು ತರುವುದು ಪಾಡರ್ರೇ. ಆದರೂ ಅಲ್ಲಿಂದ ಮುಂದೆ ಹೆಸರು ಲಿಪ್ಪೆಯದ್ದು. ವೇಜಲ್ ಊರಿನಲ್ಲಿ ರೈನ್ ನದಿ ಸೇರುವ ತನಕವೂ ಅದೇ.