ಪಾಲುಗಳ ಮೊತ್ತ ಒಂದನ್ನು ದಾಟಿದರೆ? ಇಸ್ಲಾಮಿನ ವಾರಸು ಲೆಕ್ಕದಲ್ಲಿ ತಕ್ಕಡಿ ಸರಿಹೋಗುವ ಬಗೆ

ಓದುಗರ ಪ್ರಶ್ನೆ: ಇಸ್ಲಾಮಿನಲ್ಲಿ ಎಲ್ಲವೂ ಅಳತೆಯಲ್ಲಿದೆ, ಎಲ್ಲದಕ್ಕೂ ಒಂದು ತೂಕವಿದೆ ಎನ್ನುತ್ತಾರೆ. ಆದರೆ ಕುರ್‌ಆನಿನಲ್ಲೇ ಹೇಳಿರುವ ಆಸ್ತಿ ಪಾಲುಗಳನ್ನು ಕೂಡಿಸಿದರೆ ಕೆಲವು ಸಲ ಒಂದಕ್ಕಿಂತ ಜಾಸ್ತಿ ಬರುತ್ತದಂತೆ. ಇಲ್ಲದ ಆಸ್ತಿಯನ್ನು ಹಂಚುವುದು ಹೇಗೆ? ಲೆಕ್ಕ ತಪ್ಪಿದೆಯಾ?

ಉತ್ತರ: ನೀವು ಕೇಳಿದ್ದು ನಿಜ. ಕೆಲವು ಕುಟುಂಬಗಳಲ್ಲಿ ಮೊತ್ತ ಒಂದನ್ನು ದಾಟುತ್ತದೆ. ಇದನ್ನು ಈಗ ಯಾರೋ ಹೊಸದಾಗಿ ಕಂಡುಹಿಡಿದಿದ್ದಲ್ಲ. ಎರಡನೇ ಖಲೀಫ ಉಮರ್ ಅವರ ಆಡಳಿತದಲ್ಲೇ (634–644) ಈ ತೊಡಕು ಎದುರಾಗಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ. ಜೊತೆಗಿದ್ದವರನ್ನು ಕೂರಿಸಿಕೊಂಡು ಚರ್ಚಿಸಿದರು, ಒಂದು ದಾರಿ ಕಂಡುಕೊಂಡರು. ಆ ದಾರಿ ಒಪ್ಪದವರೂ ಇದ್ದರು. ಇಸ್ಲಾಮಿನ ‘ತೂಕ’ ಅನ್ನುವ ಕಲ್ಪನೆ ಗಣಿತದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಲೆಕ್ಕ ಸರಿಯಾಗಿ ಕೂಡುವ ಒಂದು ಪ್ರಸಂಗ ನೋಡೋಣ. 625ರ ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀ ಎಂಬವರು ತೀರಿಕೊಂಡರು. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅಂದಿನ ರೂಢಿಯಂತೆ ಸಅದರ ತಮ್ಮ ಆಸ್ತಿಯನ್ನೆಲ್ಲ ತಾನೇ ಇಟ್ಟುಕೊಂಡ. ಆ ತಾಯಿ ಹುಡುಗಿಯರನ್ನು ಕರೆದುಕೊಂಡು ಪ್ರವಾದಿ ಮುಹಮ್ಮದರ ಬಳಿ ಹೋದರು. ‘ಇವರಪ್ಪ ನಿಮ್ಮ ಜೊತೆ ಹೋಗಿ ಸತ್ತರು, ಚಿಕ್ಕಪ್ಪ ಎಲ್ಲವನ್ನೂ ತೆಗೆದುಕೊಂಡ, ಇವರಿಗೆ ಏನೂ ಉಳಿದಿಲ್ಲ’ ಎಂದು ದೂರು ಕೊಟ್ಟರು. ಕುರ್‌ಆನಿನ ನಾಲ್ಕನೇ ಅಧ್ಯಾಯದ ವಾರಸು ವಚನಗಳು ಬಂದದ್ದು ಈ ಸಂದರ್ಭದಲ್ಲಿ ಎಂದು ಪ್ರವಾದಿಯವರ ನಡೆನುಡಿಯ ವರದಿಗಳಾದ ಹದೀಸ್ ಸಂಗ್ರಹಗಳಲ್ಲಿದೆ. ತೀರ್ಪು ಹೀಗಿತ್ತು: ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ಹೆಂಡತಿಗೆ ಎಂಟರಲ್ಲಿ ಒಂದು, ಉಳಿದದ್ದು ಚಿಕ್ಕಪ್ಪನಿಗೆ.

ಆಸ್ತಿಯನ್ನು 24 ಭಾಗ ಮಾಡಿ. ಹುಡುಗಿಯರಿಗೆ 16, ತಾಯಿಗೆ 3. ಒಟ್ಟು 19. ಉಳಿದ 5 ಭಾಗ ಚಿಕ್ಕಪ್ಪನದು. ಪೂರ್ತಿ ನುಂಗಿದ್ದವನ ಕೈಯಲ್ಲಿ ಕೊನೆಗೆ ಕಾಲು ಭಾಗವೂ ಉಳಿಯಲಿಲ್ಲ.

ಇಲ್ಲಿ ಎರಡು ತರಹದ ವಾರಸುದಾರರು ಇದ್ದಾರೆ, ಗಮನಿಸಿ. ಕೆಲವರಿಗೆ ಇಷ್ಟು ಅಂತ ನಿಗದಿ ಪಾಲಿದೆ. ಆ ಪಾಲುಗಳು ಆರೇ ಬಗೆಯವು: ಅರ್ಧ, ಕಾಲು, ಎಂಟನೇ ಒಂದು, ಮೂರನೇ ಎರಡು, ಮೂರನೇ ಒಂದು, ಆರನೇ ಒಂದು. ಇನ್ನು ಕೆಲವರಿಗೆ ನಿಗದಿ ಇಲ್ಲ, ಉಳಿದದ್ದೆಲ್ಲ ಅವರಿಗೆ. ಮಗ ಈ ಎರಡನೇ ಗುಂಪಿನವನು. ಹಾಗಾಗಿ ಮಗ ಇರುವ ಮನೆಯಲ್ಲಿ ನಿಮ್ಮ ಪ್ರಶ್ನೆ ಹುಟ್ಟುವುದೇ ಇಲ್ಲ. ಗಂಡನಿಗೆ ಕಾಲು, ತಂದೆ ತಾಯಿಗೆ ಆರನೇ ಒಂದೊಂದು, ಎಲ್ಲ ಕೊಟ್ಟರೂ 12ರಲ್ಲಿ 7 ಭಾಗ ಮಾತ್ರ ಖರ್ಚಾಗುತ್ತದೆ. ಮಿಕ್ಕ 5 ಭಾಗ ಮಕ್ಕಳಿಗೆ. ತೊಡಕು ಬರುವುದು ಮಗ ಇಲ್ಲದೆ, ನಿಗದಿ ಪಾಲಿನವರೇ ಜಾಸ್ತಿ ಜನ ಸೇರಿದಾಗ. ಒಬ್ಬೊಬ್ಬರ ಪಾಲನ್ನೂ ಅವರವರ ಸಂಬಂಧ ನೋಡಿ ಬೇರೆಬೇರೆಯಾಗಿ ಹೇಳಲಾಗಿದೆ. ಯಾರ ಮನೆಯಲ್ಲಿ ಯಾರು ಬದುಕುಳಿದಿರುತ್ತಾರೆ ಅನ್ನುವುದಕ್ಕೆ ಮಾತ್ರ ಲೆಕ್ಕವೇ ಇಲ್ಲ.

ಉಮರ್ ಅವರ ಮುಂದೆ ಬಂದದ್ದು ಅಂಥದ್ದೇ ಮನೆ. ಒಬ್ಬ ಹೆಂಗಸು ತೀರಿಕೊಂಡಿದ್ದಾಳೆ. ಮಕ್ಕಳಿಲ್ಲ. ಗಂಡ ಇದ್ದಾನೆ, ಇಬ್ಬರು ಒಡಹುಟ್ಟಿದ ಅಕ್ಕತಂಗಿಯರಿದ್ದಾರೆ. ಮಕ್ಕಳಿಲ್ಲದ್ದರಿಂದ ಗಂಡನಿಗೆ ಕಾಲಲ್ಲ, ಅರ್ಧ; ಅಕ್ಕತಂಗಿಯರಿಗೆ ಮೂರರಲ್ಲಿ ಎರಡು. ಆರು ಭಾಗ ಮಾಡಿದರೆ ಗಂಡನಿಗೆ 3, ಅವರಿಗೆ 4. ಆರರಲ್ಲಿ ಏಳು ಕೊಡಬೇಕು! ಗಂಡನಿಗೆ ಮೊದಲು ಕೊಟ್ಟರೆ ಅಕ್ಕತಂಗಿಯರಿಗೆ ಕಡಿಮೆ, ಅವರಿಗೆ ಮೊದಲು ಕೊಟ್ಟರೆ ಗಂಡನಿಗೆ ಕಡಿಮೆ. ದೇವರು ನಿಮ್ಮಲ್ಲಿ ಯಾರನ್ನು ಮುಂದಿಟ್ಟ, ಯಾರನ್ನು ಹಿಂದಿಟ್ಟ ಅಂತ ನನಗೆ ತಿಳಿಯದು ಎಂದರಂತೆ ಉಮರ್. ಆಗ ಸಿಕ್ಕ ಸಲಹೆ ಇದು: ಒಬ್ಬ ಆರು ದಿರ್ಹಮ್ ಬಿಟ್ಟು ಸತ್ತ, ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ನಾಲ್ಕು ದಿರ್ಹಮ್ ಸಾಲ ಕೊಡಬೇಕಿತ್ತು ಅಂತ ಇಟ್ಟುಕೊಳ್ಳಿ. ಏನು ಮಾಡುತ್ತೀರಿ? ಆರನ್ನು ಏಳು ಭಾಗ ಮಾಡಿ ಮೂರು, ನಾಲ್ಕು ಅಂತ ಕೊಡುತ್ತೀರಿ. ಇಲ್ಲೂ ಹಾಗೇ ಮಾಡಿ. ಹೇಳಿದವರು ಪ್ರವಾದಿಯವರ ಚಿಕ್ಕಪ್ಪ ಅಬ್ಬಾಸ್ ಎಂದು ಕೆಲವು ವರದಿಗಳು, ಪ್ರವಾದಿಯವರ ಅಳಿಯ ಅಲಿ ಅಥವಾ ಜೊತೆಗಾರ ಝೈದ್ ಬಿನ್ ಸಾಬಿತ್ ಎಂದು ಇನ್ನು ಕೆಲವು.

ಈ ವಿಧಾನಕ್ಕೆ ಔಲ್ ಎಂಬ ಹೆಸರು ನಿಂತಿತು. ಮಾಡುವುದು ಇಷ್ಟೇ: ಮೇಲಿನ ಅಂಶಗಳನ್ನು ಮುಟ್ಟುವುದಿಲ್ಲ, ಕೆಳಗಿನ ಛೇದವನ್ನು ಹಿಗ್ಗಿಸುತ್ತಾರೆ. 6ರ ಬದಲು 7.

ಇದನ್ನು ರೂಪಾಯಿಯಲ್ಲಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಒಬ್ಬರು 27 ಲಕ್ಷ ಬಿಟ್ಟು ಹೋಗಿದ್ದಾರೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ ಇದ್ದಾರೆ. 24ರ ಲೆಕ್ಕದಲ್ಲಿ ಹೆಂಡತಿಗೆ 3, ಮಕ್ಕಳಿಗೆ 16, ತಂದೆಗೆ 4, ತಾಯಿಗೆ 4. ಒಟ್ಟು 27. ಪೂರ್ತಿ ಪಾಲು ಕೊಡುವುದಾದರೆ ಹೆಂಡತಿಗೆ 3,37,500, ಮಕ್ಕಳಿಬ್ಬರಿಗೆ 18 ಲಕ್ಷ, ತಂದೆ ತಾಯಿಗೆ ತಲಾ ನಾಲ್ಕೂವರೆ ಲಕ್ಷ. ಅಂದರೆ 30,37,500 ಬೇಕು. ಅಷ್ಟು ದುಡ್ಡಿಲ್ಲ. ಛೇದ 27 ಆದಾಗ ಹೆಂಡತಿಗೆ 3 ಲಕ್ಷ, ಮಕ್ಕಳಿಗೆ 16 ಲಕ್ಷ, ತಂದೆ ತಾಯಿಗೆ ನಾಲ್ಕು ನಾಲ್ಕು ಲಕ್ಷ. ಈಗ ಪ್ರತಿಯೊಬ್ಬರು ಕಳೆದುಕೊಂಡದ್ದನ್ನು ಪರೀಕ್ಷಿಸಿ ನೋಡಿ. ಹೆಂಡತಿಯ 3,37,500ರಲ್ಲಿ ಹೋದದ್ದು 37,500, ಒಂಬತ್ತನೇ ಒಂದು. ಮಕ್ಕಳ 18 ಲಕ್ಷದಲ್ಲಿ 2 ಲಕ್ಷ, ಒಂಬತ್ತನೇ ಒಂದು. ತಂದೆ ತಾಯಿಯ ನಾಲ್ಕೂವರೆಯಲ್ಲಿ ಅರ್ಧ ಲಕ್ಷ, ಅದೂ ಒಂಬತ್ತನೇ ಒಂದು.

ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಸಂಖ್ಯೆಗಳು ತಾವಾಗಿಯೇ ಒಂದಕ್ಕೆ ಬಂದು ನಿಲ್ಲುತ್ತವೆ ಅಂತ ಇಲ್ಲಿ ಯಾರೂ ಭಾವಿಸಿಲ್ಲ. ಕೊರತೆ ಬಂದಾಗ ಅದನ್ನು ಒಬ್ಬರ ತಲೆಗೆ ಕಟ್ಟಬಾರದು, ಎಲ್ಲರೂ ಒಂದೇ ಪ್ರಮಾಣದಲ್ಲಿ ಹೊರಬೇಕು. ತೂಕ ಸರಿ ಮಾಡುವುದು ಮನುಷ್ಯರು ಕೂತು ಮಾಡಬೇಕಾದ ಕೆಲಸ. ಕುರ್‌ಆನಿನ 55ನೇ ಅಧ್ಯಾಯದಲ್ಲಿ ಆಕಾಶವನ್ನು ಎತ್ತಿ ನಿಲ್ಲಿಸಿದ, ತಕ್ಕಡಿಯನ್ನು ಸ್ಥಾಪಿಸಿದ ಎಂದ ಕೂಡಲೇ ಬರುವುದು ಮನುಷ್ಯರಿಗೆ ಹೇಳಿದ ಮಾತು: ತೂಕದಲ್ಲಿ ಹದ್ದು ಮೀರಬೇಡಿ, ನ್ಯಾಯವಾಗಿ ತೂಗಿ, ಕಡಿಮೆ ಮಾಡಬೇಡಿ.

27 ಭಾಗದ ಈ ಲೆಕ್ಕಕ್ಕೆ ಒಂದು ಹೆಸರೂ ಇದೆ, ‘ಮಿಂಬರಿಯ್ಯ’. ಅಲಿ ಅವರು ಮಿಂಬರಿನ (ಮಸೀದಿಯ ಪ್ರವಚನ ಪೀಠ) ಮೇಲೆ ನಿಂತು ಪ್ರವಚನ ಕೊಡುತ್ತಿದ್ದಾಗ ಯಾರೋ ಎದ್ದು ಇದೇ ಕುಟುಂಬದ ಬಗ್ಗೆ ಕೇಳಿದರಂತೆ. ‘ಅವಳ ಎಂಟನೇ ಒಂದು ಈಗ ಒಂಬತ್ತನೇ ಒಂದಾಯಿತು’ ಅಂತ ಅಲ್ಲೇ ಹೇಳಿ ಪ್ರವಚನ ಮುಂದುವರಿಸಿದರಂತೆ. 24ರಲ್ಲಿ 3 ಅಂದರೆ ಎಂಟನೇ ಒಂದು, 27ರಲ್ಲಿ 3 ಅಂದರೆ ಒಂಬತ್ತನೇ ಒಂದು. ಕಾಗದ, ಪೆನ್ನು ಇಲ್ಲದೆ ಬಾಯಲ್ಲೇ! ಶಿಯಾ ವಿದ್ವಾಂಸರು ಈ ಮಾತನ್ನು ಬೇರೆ ರೀತಿ ಅರ್ಥ ಮಾಡುತ್ತಾರೆ, ಏಕೆಂದರೆ ಅವರು ಔಲ್ ಒಪ್ಪುವುದಿಲ್ಲ.

ಒಪ್ಪದವರಲ್ಲಿ ಮೊದಲಿಗರು ಮೇಲೆ ಹೇಳಿದ ಅಬ್ಬಾಸರ ಮಗ ಇಬ್ನ್ ಅಬ್ಬಾಸ್. ಅವರ ಮಾತು ಬಹಳ ಗಟ್ಟಿ. ಆಲಿಜ್ ಮರುಭೂಮಿಯ ಮರಳನ್ನು ಕಣಕಣವಾಗಿ ಎಣಿಸಬಲ್ಲ ದೇವರು ಒಂದೇ ಆಸ್ತಿಯಲ್ಲಿ ಎರಡು ಅರ್ಧ, ಮೇಲೊಂದು ಮೂರನೇ ಒಂದನ್ನು ಇಟ್ಟಿರಲಾರ ಎಂದರು. ಅವರು ಹೇಳುತ್ತಿದ್ದದ್ದು ಮಕ್ಕಳಿಲ್ಲದೆ ಗಂಡ, ತಾಯಿ, ಒಬ್ಬ ಸಹೋದರಿ ಇರುವ ಕುಟುಂಬದ ಬಗ್ಗೆ. ಸುನ್ನಿ ಪದ್ಧತಿಯಲ್ಲಿ ಇದು 8 ಭಾಗವಾಗಿ 3, 2, 3 ಎಂದು ಹೋಗುತ್ತದೆ. ಇಬ್ನ್ ಅಬ್ಬಾಸ್ ಪ್ರಕಾರ ಗಂಡನಿಗೂ ತಾಯಿಗೂ ಪೂರ್ತಿ ಕೊಡಬೇಕು, 6ರಲ್ಲಿ 3 ಮತ್ತು 2. ಸಹೋದರಿಗೆ ಉಳಿದ 1. ಶಿಯಾ ಇಮಾಮಿ ಪಂಥವೂ ಕೊರತೆಯನ್ನು ಹೆಣ್ಣುಮಕ್ಕಳ ಅಥವಾ ಸಹೋದರಿಯರ ಪಾಲಿನಲ್ಲೇ ಕಳೆಯುತ್ತದೆ. ಕೂಡುವ ಲೆಕ್ಕ ಎರಡರಲ್ಲೂ ಸರಿ. ಭಾರ ಯಾರು ಹೊರಬೇಕು ಅನ್ನುವುದರಲ್ಲಿ ಭಿನ್ನಾಭಿಪ್ರಾಯ. ಎಲ್ಲರೂ ಸಮವಾಗಿ ಹೊರುವ ದಾರಿಯೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಮೊತ್ತ ಒಂದಕ್ಕಿಂತ ಕಡಿಮೆ ಬಂದರೆ? ಅದಕ್ಕೆ ರದ್ದ್ ಎಂಬ ಉಲ್ಟಾ ದಾರಿ ಇದೆ. ಒಬ್ಬ ಮಗಳು, ತಾಯಿ ಇಬ್ಬರೇ ಇದ್ದರೆ 6ರಲ್ಲಿ 3 ಮತ್ತು 1. ಎರಡು ಭಾಗ ಮಿಕ್ಕಿತು. ಛೇದವನ್ನು 4ಕ್ಕೆ ಇಳಿಸಿ. ಮಗಳಿಗೆ ಮುಕ್ಕಾಲು, ತಾಯಿಗೆ ಕಾಲು.

ಇಂಥ ಲೆಕ್ಕಗಳನ್ನು ದಿನಾ ಮಾಡಬೇಕಾಗಿ ಬಂದದ್ದರಿಂದ ಗಣಿತಕ್ಕೇ ದೊಡ್ಡ ಲಾಭವಾಯಿತು. ಬಾಗ್ದಾದಿನಲ್ಲಿ ಖಲೀಫ ಮಾಮೂನ್ (ಆಡಳಿತ 813–833) ಕಾಲದಲ್ಲಿ ಅಲ್-ಖ್ವಾರಿಝ್ಮಿ ಬೀಜಗಣಿತದ ಪುಸ್ತಕ ಬರೆದರು. ವಾರಸು, ಉಯಿಲು, ಪಾಲು, ವ್ಯಾಜ್ಯ, ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವುದು, ಇವಕ್ಕೆಲ್ಲ ಜನರಿಗೆ ಬೇಕಾಗುವ ಲೆಕ್ಕ ಅಂತ ಮುನ್ನುಡಿಯಲ್ಲೇ ಹೇಳಿದ್ದಾರೆ. ಪುಸ್ತಕದ ಸುಮಾರು ಅರ್ಧದಷ್ಟು ಉಯಿಲಿನ ಲೆಕ್ಕಗಳೇ. ಶಾಲೆಯಲ್ಲಿ ನಾವು ಸುಮ್ನೆ ‘ಎಕ್ಸ್ ಕಂಡುಹಿಡಿಯಿರಿ’ ಎಂದು ಕಲಿಯುತ್ತೇವೆ, ಅಲ್ವಾ? ಅವರು ಕಂಡುಹಿಡಿಯುತ್ತಿದ್ದದ್ದು ಯಾರಿಗೆ ಎಷ್ಟು ದಿರ್ಹಮ್ ಅನ್ನುವುದನ್ನು.

ಅದರಲ್ಲಿ ಬರುವ ಒಂದು ಲೆಕ್ಕ: ಒಬ್ಬನಿಗೆ ಇಬ್ಬರು ಗಂಡುಮಕ್ಕಳು. ಹೊರಗಿನವನೊಬ್ಬನಿಗೆ ಮೂರನೇ ಒಂದು ಭಾಗ ಉಯಿಲು ಬರೆದು ಸತ್ತ. ಕೈಯಲ್ಲಿರುವ ಹಣ 10 ದಿರ್ಹಮ್. ಒಬ್ಬ ಮಗ ಅಪ್ಪನಿಗೆ 10 ದಿರ್ಹಮ್ ಸಾಲ ತೀರಿಸಬೇಕಿದೆ. ಹಂಚುವುದು ಹೇಗೆ? ಸಾಲದಲ್ಲಿ ಆ ಮಗನ ಸ್ವಂತ ಪಾಲಿನಷ್ಟನ್ನು ಮಾತ್ರ ಈಗ ಆಸ್ತಿ ಅಂತ ಎಣಿಸುತ್ತಾರೆ. ಅದು ಎಷ್ಟೆಂದು ಗೊತ್ತಿಲ್ಲ. ಅದನ್ನು ‘ವಸ್ತು’ ಎಂದು ಕರೆಯುತ್ತಾರೆ ಖ್ವಾರಿಝ್ಮಿ. ಒಟ್ಟು ಆಸ್ತಿ ಈಗ 10 ಮತ್ತು ಒಂದು ವಸ್ತು. ಮೂರನೇ ಒಂದು ಹೊರಗಿನವನಿಗೆ ಹೋಯಿತು. ಉಳಿದದ್ದು ಇಬ್ಬರಿಗೆ ಸಮ. ಹಾಗಾದರೆ ಒಬ್ಬ ಮಗನ ಪಾಲೂ ಮೂರನೇ ಒಂದೇ: ಮೂರೂ ಮೂರನೇ ಒಂದು ದಿರ್ಹಮ್, ಜೊತೆಗೆ ವಸ್ತುವಿನ ಮೂರನೇ ಒಂದು. ಇದೇ ಆ ವಸ್ತುವಿಗೆ ಸಮ. ಎರಡೂ ಕಡೆಯಿಂದ ವಸ್ತುವಿನ ಮೂರನೇ ಒಂದನ್ನು ತೆಗೆಯಿರಿ. ವಸ್ತುವಿನ ಮೂರನೇ ಎರಡು ಅಂದರೆ ಮೂರೂ ಮೂರನೇ ಒಂದು. ವಸ್ತು 5. ಕೈಯಲ್ಲಿರುವ 10ರಲ್ಲಿ ಹೊರಗಿನವನಿಗೆ 5, ಇನ್ನೊಬ್ಬ ಮಗನಿಗೆ 5. ಸಾಲಗಾರ ಮಗನ 5 ಅವನ ಸಾಲದಲ್ಲೇ ವಜಾ.

ಎರಡೂ ಕಡೆಯಿಂದ ಒಂದೇ ಸಮ ತೆಗೆಯುವುದು, ಒಂದೇ ಸಮ ಸೇರಿಸುವುದು. ಇವತ್ತೂ ಎಂಟನೇ ಕ್ಲಾಸಿನ ಮಕ್ಕಳು ಸಮೀಕರಣ ಬಿಡಿಸುವುದು ಹೀಗೇ.

ನಿಜವಾದ ತಕ್ಕಡಿಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದವರಿದ್ದಾರೆ. ಮರ್ವ್ ನಗರದ ಅಲ್-ಖಾಝಿನಿ 1121–22ರಲ್ಲಿ ಸುಲ್ತಾನ್ ಸಂಜರನಿಗಾಗಿ ಬರೆದ ‘ವಿವೇಕದ ತಕ್ಕಡಿ’ ಎಂಬ ಗ್ರಂಥದಲ್ಲಿ ಐದು ತಟ್ಟೆಗಳ ತಕ್ಕಡಿಯೊಂದರ ವಿವರ ಇದೆ. ಲೋಹವನ್ನು ಗಾಳಿಯಲ್ಲೂ ನೀರಿನಲ್ಲೂ ತೂಗಿ, ಚಿನ್ನಕ್ಕೆ ಬೆಳ್ಳಿ ಬೆರೆಸಿದ್ದರೆ ಎಷ್ಟು ಅಂತ ಹೇಳಬಹುದಿತ್ತು.

ವಾಟ್ಸಾಪಿನಲ್ಲಿ ಕುರ್‌ಆನಿನ ಪದಗಳನ್ನು ಎಣಿಸಿ ‘ಗಣಿತದ ಪವಾಡ’ ಅಂತ ಹಂಚುವವರು ತುಂಬಾ ಜನ. ಏಕವಚನ, ಬಹುವಚನ, ಪ್ರತ್ಯಯ ಸೇರಿದ ರೂಪಗಳಲ್ಲಿ ಯಾವುದನ್ನು ಎಣಿಸುತ್ತೀರಿ, ಯಾವುದನ್ನು ಬಿಡುತ್ತೀರಿ ಎನ್ನುವುದರ ಮೇಲೆ ಆ ಸಂಖ್ಯೆ ಬದಲಾಗುತ್ತದೆ. ಮಕ್ಕಳಿಗೆ ತೋರಿಸುವುದಾದರೆ ಮೇಲಿನ 27 ಲಕ್ಷದ ಲೆಕ್ಕ ತೋರಿಸಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಮಗನಿಗೆ ಎರಡು, ಮಗಳಿಗೆ ಒಂದು ಎನ್ನುವುದು ಸಮತೋಲವೇ? ಮನೆ ನಡೆಸುವ ಖರ್ಚು ಗಂಡಸಿನ ಮೇಲಿದೆ, ಹೆಣ್ಣಿನ ಆಸ್ತಿ, ಮದುವೆಯಲ್ಲಿ ಗಂಡ ಅವಳಿಗೆ ಕೊಡಬೇಕಾದ ಮಹರ್ ಅವಳದೇ ಎನ್ನುವುದು ಸಾಂಪ್ರದಾಯಿಕ ಉತ್ತರ. ಹೆಂಗಸರೇ ಮನೆ ನಡೆಸುತ್ತಿರುವ ಕಡೆ ಈ ಉತ್ತರ ಸಾಲದು ಎನ್ನುವ ಮುಸ್ಲಿಮರೂ ಇದ್ದಾರೆ. ಟುನೀಶಿಯಾದ ಅಧ್ಯಕ್ಷರು 2018ರಲ್ಲಿ ಸಮಪಾಲಿನ ಪ್ರಸ್ತಾಪ ಇಟ್ಟಾಗ ದೊಡ್ಡ ಚರ್ಚೆಯೇ ಆಯಿತು, ಕಾನೂನು ಮಾತ್ರ ಆಗಲಿಲ್ಲ. ಛೇದ ಹಿಗ್ಗಿಸಿ ಕುಗ್ಗಿಸಿ ಬಗೆಹರಿಯುವ ಪ್ರಶ್ನೆ ಇದಲ್ಲ.

ನಿಮ್ಮ ಮನೆಯಲ್ಲೇ ಇಂಥ ಹಂಚಿಕೆ ಇದ್ದರೆ ಒಂದಿಷ್ಟು ವಿಷಯ ನೆನಪಿಡಿ. ಭಾರತದಲ್ಲಿ 1937ರ ಶರೀಅತ್ ಕಾಯ್ದೆಯಡಿ ಮುಸ್ಲಿಮರ ವಾರಸು ಈ ನಿಯಮಗಳಂತೆ ನಡೆಯುತ್ತದೆ. ಕೃಷಿ ಜಮೀನನ್ನು ಆ ಕಾಯ್ದೆಯ ಎರಡನೇ ಕಲಮಿನಲ್ಲಿ ಹೊರಗಿಟ್ಟಿದ್ದರು, ಆದ್ದರಿಂದ ಹೊಲ ಗದ್ದೆ ಇದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಕರ್ನಾಟಕದಲ್ಲಿ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಪದ್ಧತಿಯವರು, ಒಳನಾಡಿನ ಹೆಚ್ಚಿನವರು ಹನಫಿ; ಎರಡೂ ಸುನ್ನಿ ಕಾನೂನು ಪದ್ಧತಿಗಳೇ. ಔಲ್ ಎರಡಕ್ಕೂ ಒಪ್ಪಿಗೆ. ರದ್ದ್ ವಿಷಯದಲ್ಲಿ ಮೂಲ ಶಾಫಿಈ ಅಭಿಪ್ರಾಯ ಬೇರೆ ಇತ್ತು, ಹಾಗಾಗಿ ನಿಮ್ಮ ಪದ್ಧತಿ ಯಾವುದೆಂದು ಮೊದಲೇ ಹೇಳಿ. ಪಾಲಿನ ಲೆಕ್ಕ ಶುರುವಾಗುವುದು ಅಂತ್ಯಕ್ರಿಯೆಯ ಖರ್ಚು, ಸಾಲ, ಆಮೇಲೆ ಮೂರನೇ ಒಂದರ ಒಳಗಿನ ಉಯಿಲು, ಇಷ್ಟು ಕಳೆದ ಮೇಲೆ. ಕೊಡದೆ ಉಳಿದ ಮಹರ್ ಕೂಡ ಸಾಲವೇ. ಬಹಳ ಮನೆಗಳಲ್ಲಿ ಇದನ್ನು ಮರೆಯುತ್ತಾರೆ. ಹೆಂಡತಿಗೆ ಅದನ್ನು ಮೊದಲು ಎಣಿಸಿ ಕೊಡಿ, ಎಂಟನೇ ಒಂದೋ ಒಂಬತ್ತನೇ ಒಂದೋ ಅನ್ನುವ ಮಾತು ಆಮೇಲೆ.