ಬಿಚ್ಚೋಕೆ ಬಾರದ ಬೋಲ್ಟು, ಜಾಮ್ ಆದ ಇಂಜಿನ್: ಹಳೇ ಮಾರುತಿ 800 ಇಟ್ಕೊಂಡು ಕಲಿಯೋರಿಗೆ ಟಿಪ್ಪಣಿ

ಮನೇಲೇ ಗಾಡಿ ಕೆಲ್ಸ ಕಲೀಬೇಕು ಅಂದ್ರೆ ನಾನು ಹೇಳೋದು ಹಳೇ ಕಾರ್ಬ್ಯುರೇಟರ್ (ಪೆಟ್ರೋಲು ಗಾಳಿ ಬೆರೆಸೋ ಭಾಗ) ಇರೋ ಮಾರುತಿ 800 ಹಿಡೀರಿ ಅಂತ. 1983ರ ಡಿಸೆಂಬರಿಂದ 2014ರ ಜನವರಿವರೆಗೆ ತಯಾರಾದ ಗಾಡಿ, ಗುಜರೀಲೂ ಪಾರ್ಟ್ಸ್ ಸಿಗತ್ತೆ, ಬೆಂಗಳೂರಿನ ಜೆಸಿ ರೋಡಲ್ಲಿ ಹುಡುಕಿದ್ರೂ ಸಿಗತ್ತೆ. ಇಂಜಿನ್ನು ಮೂರೇ ಸಿಲಿಂಡರ್ರು, ಬೋರ್ (ಸಿಲಿಂಡರಿನ ಒಳ ಅಗಲ) 68.5 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 72 ಎಂಎಂ, ಲೆಕ್ಕ ಹಾಕಿ ನೋಡಿ, 796 ಸಿಸಿ ಬರತ್ತೆ. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರುಗಳಲ್ಲಿ ಕಿಡಿ ಹೊತ್ತೋ ಕ್ರಮ, 1-3-2.

ಆದ್ರೆ ವರ್ಷಗಟ್ಟಲೆ ಮಳೇಲಿ ನಿಂತ ಗಾಡಿ ಆದ್ರೆ ಮೊದಲನೇ ಬೋಲ್ಟಲ್ಲೇ ಕೆಲ್ಸ ನಿಂತೋಗತ್ತೆ, ಅದ್ರಲ್ಲೂ ಮಂಗಳೂರು ಉಡುಪಿ ಕಡೆ ಉಪ್ಪುಗಾಳೀಲಿ ಇದ್ದಿದ್ದಾದ್ರೆ ಕೇಳೋದೇ ಬೇಡ. ಆಗ ಎಲ್ರೂ ಮಾಡೋದು ಒಂದೇ, ಸ್ಪ್ಯಾನರಿಗೆ ಪೈಪ್ ಸಿಗಿಸಿ ಜೋರಾಗಿ ಎಳೆಯೋದು. ದಯವಿಟ್ಟು ಬೇಡ. ಬೋಲ್ಟನ್ನ ಏನು ಹಿಡ್ಕೊಂಡಿದೆ ಅಂತ ಮೊದ್ಲು ಯೋಚ್ನೆ ಮಾಡಿ.

ಹಿಡ್ಕೊಳ್ಳೋದು ಮುಖ್ಯವಾಗಿ ಮೂರು. ಒಂದು ತುಕ್ಕು. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗಿಂತ ಜಾಸ್ತಿ ಜಾಗ ತಗೊಳತ್ತೆ, ಥ್ರೆಡ್ ಮಧ್ಯೆ ಅಷ್ಟು ಜಾಗ ಎಲ್ಲಿರತ್ತೆ, ಅದಕ್ಕೇ ಬಿಗಿದುಕೊಳ್ಳೋದು. ಎರಡನೇದು, 800ರ ಸಿಲಿಂಡರ್ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಅಲ್ಯೂಮಿನಿಯಂದು, ಅದರೊಳಗೆ ಸ್ಟೀಲ್ ಸ್ಟಡ್ಡು (ತಲೆ ಇಲ್ಲದ ಬೋಲ್ಟು), ಎರಡರ ಮಧ್ಯೆ ನೀರು ಸೇರಿದ್ರೆ ಅಲ್ಯೂಮಿನಿಯಂ ಸವೆದು ಬಿಳೀ ಪುಡಿ ಕಟ್ಕೊಳತ್ತೆ. ಮೂರನೇದು ಬರೀ ಘರ್ಷಣೆ, ಇದನ್ನ ತುಂಬಾ ಜನ ಲೆಕ್ಕಕ್ಕೇ ತಗೊಳಲ್ಲ. ಬೋಲ್ಟ್ ಟೈಟ್ ಮಾಡುವಾಗ ನಾವು ಹಾಕೋ ಬಲದಲ್ಲಿ ನೂರಕ್ಕೆ ಹೆಚ್ಚು ಕಮ್ಮಿ 50 ಭಾಗ ಬೋಲ್ಟಿನ ತಲೆ ಕೆಳಗಿನ ಉಜ್ಜಾಟಕ್ಕೆ ಹೋಗತ್ತೆ, 40 ಭಾಗ ಥ್ರೆಡ್ಡಿನ ಉಜ್ಜಾಟಕ್ಕೆ, ನಿಜವಾಗಿ ಬಿಗಿಯೋದಕ್ಕೆ ಉಳಿಯೋದು 10 ಭಾಗ ಅಷ್ಟೇ. ಅಂದ್ರೆ ಬಿಚ್ಚುವಾಗ ಅರ್ಧ ಜಗಳ ತಲೆ ಕೆಳಗೇ ಇದೆ. ಬೋಲ್ಟಿನ ತಲೆ ಮೇಲೆ ನೇರವಾಗಿ ಸುತ್ತಿಗೇಲಿ ನಾಲ್ಕು ಪೆಟ್ಟು ಕೊಟ್ರೆ ಸಡಿಲ ಆಗೋದು ಯಾಕೆ ಅಂತ ಇದ್ರಿಂದ ಅರ್ಥ ಆಗತ್ತೆ, ಆ ಪೆಟ್ಟು ತಲೆ ಕೆಳಗಿನ ಹಿಡಿತಾನ ಬಿಡಿಸತ್ತೆ, ತುಕ್ಕಲ್ಲಿ ಸಣ್ಣ ಸಣ್ಣ ಬಿರುಕು ಬಿಡಿಸಿ ಎಣ್ಣೆ ಇಳಿಯೋಕೆ ದಾರೀನೂ ಮಾಡತ್ತೆ.

ಹಾಗಾಗಿ ನಾನು ಹೋಗೋ ಕ್ರಮ ಇದು. ವೈರ್ ಬ್ರಶ್ಶಲ್ಲಿ ಕಾಣೋ ಥ್ರೆಡ್ಡೆಲ್ಲ ಉಜ್ಜಿ, ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿ ಹಾಗೇ ಬಿಡೋದು, ಬೆಳಿಗ್ಗೆ ಮತ್ತೆ ಹಾಕೋದು, ಸಂಜೆ ಮತ್ತೆ. ಆಮೇಲೆ ಆರು ಮೂಲೆ ಸಾಕೆಟ್ಟೇ ಹಾಕಿ, ಹನ್ನೆರಡು ಮೂಲೇದು ಬೇಡ, ಅದು ಮೂಲೇಲಿ ಮಾತ್ರ ಹಿಡಿಯೋದ್ರಿಂದ ಬೋಲ್ಟಿನ ತಲೆ ರೌಂಡ್ ಮಾಡಿಬಿಡತ್ತೆ. ಬಿಚ್ಚೋ ಮುಂಚೆ ಚೂರೇ ಚೂರು ಟೈಟ್ ಕಡೆ ತಿರುಗಿಸಿ ನೋಡಿ. ಅಲುಗಿದ್ರೆ ಕಾಲು ಸುತ್ತು ಲೂಸ್, ಅದರ ಅರ್ಧದಷ್ಟು ವಾಪಸ್ಸು, ಮತ್ತೆ ಎಣ್ಣೆ. ಕಿರ್ ಅಂತ ಸದ್ದು ಬಂದು ಸ್ಪ್ಯಾನರ್ ಮೆತ್ತಗೆ ಸ್ಪ್ರಿಂಗ್ ಥರ ಅನ್ನಿಸಿದ್ರೆ ಅಲ್ಲೇ ನಿಲ್ಸಿ, ಬೋಲ್ಟು ತಿರುಗ್ತಿಲ್ಲ, ತಿರುಚಿಕೊಳ್ತಿದೆ.

ಇದಕ್ಕೂ ಬಗ್ಗದಿದ್ರೆ ಶಾಖ. ಒಂದೊಂದು ಡಿಗ್ರಿಗೆ ಅಲ್ಯೂಮಿನಿಯಂ ಹಿಗ್ಗೋದು ಸ್ಟೀಲಿಗಿಂತ ಸುಮಾರು ಎರಡು ಪಟ್ಟು. 10 ಎಂಎಂ ತೂತು 100 ಡಿಗ್ರಿ ಬಿಸಿ ಏರಿದ್ರೆ ಅದರ ಒಳಗಿನ ಸ್ಟಡ್ಡಿಗಿಂತ 0.01 ಎಂಎಂನಷ್ಟು ಜಾಸ್ತಿ ದೊಡ್ಡದಾಗತ್ತೆ, ಕೇಳೋಕೆ ಏನೂ ಅಲ್ಲ ಅನ್ಸತ್ತೆ, ಆದ್ರೆ ಆ ಬಿಳೀ ಪುಡಿಯ ಹಿಡಿತ ಬಿಡಿಸೋಕೆ ಎಷ್ಟೋ ಸಲ ಅಷ್ಟೇ ಸಾಕು. ಬಿಸಿ ಮಾಡೋದು ಸುತ್ತಲಿನ ಲೋಹಾನ, ಸ್ಟಡ್ಡನ್ನಲ್ಲ. ಎಚ್ಚರಿಕೆ ಇಷ್ಟು: ಎಣ್ಣೆ ಪೂರ್ತಿ ಒರೆಸಿ, ಪೆಟ್ರೋಲ್ ಲೈನ್ ಹತ್ರ ಬೆಂಕಿ ಬೇಡವೇ ಬೇಡ, ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಅಂತೂ ಶಾಖ ತಾಗಿಸಲೇಬಾರದು, ಅದ್ರಿಂದ ಫಾಸ್ಜೀನ್ ಅನ್ನೋ ವಿಷಗಾಳಿ ಬರತ್ತೆ.

ಸ್ಟಡ್ ಮುರಿದೇ ಹೋಯ್ತು ಅಂದ್ರೆ ಈಜಿಔಟ್ (ಮುರಿದ ಸ್ಟಡ್ಡಿಗೆ ತೂತು ಕೊರೆದು ಅದರೊಳಗೆ ಸಿಗಿಸಿ ತಿರುಗಿಸಿ ತೆಗೆಯೋ ಟೂಲು) ತಗೊಂಡು ತಕ್ಷಣ ಇಳಿಯೋರೇ ಜಾಸ್ತಿ. ಅದು ಗಟ್ಟಿ ಉಕ್ಕು, ಒಳಗೇ ಮುರಿದ್ರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಓಡಲ್ಲ. ಒಂಚೂರು ತುದಿ ಹೊರಗಿದ್ರೂ ವೆಲ್ಡಿಂಗ್ ಶಾಪಿನವರನ್ನ ಕೇಳಿ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸೋದು ಎಷ್ಟೋ ವಾಸಿ, ಹಿಡಿಯೋಕೆ ತಲೇನೂ ಆಯ್ತು, ಶಾಖಾನೂ ಆಯ್ತು. ಗಾಡೀಲೇ ಇಟ್ಟು ಮಾಡ್ಸೋದಾದ್ರೆ ಬ್ಯಾಟರಿ ಕಳಚಿ.

ಇನ್ನು ಇಂಜಿನ್ನೇ ಜಾಮ್ ಆಗಿದ್ರೆ. ನಿಂತ ಗಾಡೀಲಿ ಹೆಚ್ಚಾಗಿ ಪಿಸ್ಟನ್ ರಿಂಗು ಬೋರಿನ ಗೋಡೆಗೆ ತುಕ್ಕಲ್ಲಿ ಅಂಟಿರತ್ತೆ. ಸೆಲ್ಫ್ ಹೊಡೀಬೇಡಿ, ತಳ್ಳಿ ಗೇರಿಗೆ ಹಾಕೋದೂ ಬೇಡ, ರಿಂಗ್ ಮುರಿದು ಬೋರ್ ಗೀರಿದ್ರೆ ಲೇತ್ ಅಂಗಡಿಗೆ ಹೋಗಿ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕ್ಸೋ ಖರ್ಚಿಗೆ ಬರತ್ತೆ. ಮೂರೂ ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ತೂತಿಗೂ ಎಣ್ಣೆ ಬಿಟ್ಟು ದಿನಗಟ್ಟಲೆ ನೆನೆಯೋಕೆ ಬಿಡಿ, ವಾರಗಟ್ಟಲೆ ಆದ್ರೂ ಪರವಾಗಿಲ್ಲ. ಗೇರ್ ನ್ಯೂಟ್ರಲ್ಲಲ್ಲಿ ಇಟ್ಟು ಕ್ರ್ಯಾಂಕ್ ಪುಲ್ಲಿ (ಇಂಜಿನ್ ತುದೀಲಿ ಬೆಲ್ಟ್ ಓಡೋ ಗಾಲಿ) ಬೋಲ್ಟಿಗೆ ಉದ್ದ ಹಿಡಿ ಹಾಕಿ ಆ ಕಡೆ ಈ ಕಡೆ ಚೂರು ಚೂರೇ ಒತ್ತಿ ನೋಡಿ. ಒಂದು ಕೂದಲೆಳೆಯಷ್ಟು ಅಲುಗಿದ್ರೂ ಆವತ್ತಿನ ಕೆಲ್ಸ ಆಯ್ತು ಅಂತ್ಲೇ ತಿಳ್ಕೊಳ್ಳಿ, ಮತ್ತೆ ಎಣ್ಣೆ ಬಿಟ್ಟು ಮನೆಯೊಳಗೆ ಹೋಗಿ.

ಪೂರ್ತಿ ಸುತ್ತೋಕೆ ಶುರುವಾದ್ಮೇಲೂ ಪ್ಲಗ್ ತಕ್ಷಣ ಹಾಕ್ಬೇಡಿ. ಪಿಸ್ಟನ್ ಮೇಲೆ ಎಣ್ಣೆ ನಿಂತಿರತ್ತೆ, ದ್ರವ ಒತ್ತಿದ್ರೆ ಕುಗ್ಗಲ್ಲ, ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸೋ ಕನೆಕ್ಟಿಂಗ್ ರಾಡೇ ಬಗ್ಗಿಹೋಗತ್ತೆ. ಪ್ಲಗ್ ಇಲ್ದೇನೇ ಕೈಯಲ್ಲಿ ಸುತ್ತಿ ಎಣ್ಣೆಯೆಲ್ಲ ಹೊರಗೆ ಹಾಕಿ, ಇಂಜಿನ್ ಆಯಿಲ್ ಬದಲಾಯಿಸಿ, ಆಮೇಲೆ ಕಂಪ್ರೆಷನ್ ಚೆಕ್, ಅಂದ್ರೆ ಪ್ಲಗ್ ತೂತಿಗೆ ಗೇಜ್ ಹಾಕಿ ಸೆಲ್ಫ್ ಹೊಡೆದು ಸಿಲಿಂಡರಿನ ಒತ್ತಡ ನೋಡೋದು. ಇಗ್ನಿಷನ್ ಕಾಯಿಲ್ ಕನೆಕ್ಷನ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಂದೊಂದೇ ಸಿಲಿಂಡರ್ ನೋಡಿ ಬರ್ಕೊಳ್ಳಿ. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ರೀಡಿಂಗ್ ಏರಿದ್ರೆ ರಿಂಗು ಇಲ್ಲಾ ಬೋರಿನ ತೊಂದ್ರೆ, ಏರದಿದ್ರೆ ವಾಲ್ವ್ ಕೂರ್ತಿಲ್ಲ. ಪಕ್ಕಪಕ್ಕದ ಎರಡರಲ್ಲೂ ಒಟ್ಟಿಗೆ ಕಮ್ಮಿ ಬಂದು ಎಣ್ಣೆಗೂ ಏರಲಿಲ್ಲ ಅಂದ್ರೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗೆ ಸೋರದ ಹಾಗೆ ಕೂರಿಸೋ ತೆಳು ಹಾಳೆ) ಆ ಎರಡರ ಮಧ್ಯೆ ಹೋಗಿರೋ ಸಾಧ್ಯತೆ ಜಾಸ್ತಿ, ಹೆಡ್ ಬಿಚ್ಚೋಕೆ ತಯಾರಾಗಿ, ಬಿಚ್ಚಿದ ಮೇಲೆ ಹೆಡ್ ಡೊಂಕಾಗಿದ್ಯಾ ಅಂತ ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ), ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡು) ಇಟ್ಟು ನೋಡೋದು ಮರೀಬೇಡಿ.